ಎಮ್ಮೆ ಹಾಡಿಗೆ ಏನಾಧಾರ?

‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು ನಮ್ಮ ಕೊಂಕಲ್‌ನಲ್ಲಿ ಮನುಷ್ಯರಿಗಷ್ಟೇ ಅಲ್ಲ, ಎಮ್ಮೆಗಳಿಗೂ ಬಾಯಿಪಾಠ. ದನ ಕಾಯುವ ಹುಡುಗರು ಅವುಗಳ ಬೆನ್ನೇರಿ ಅದನ್ನು ಹಾಡಿಕೊಂಡೇ ದೊಡ್ಡವರಾದವರು. ಊರಲ್ಲಿ ಯಾರನ್ನೇ ಕೇಳಿ, ‘ಅಣ್ಣಾವ್ರ ಮೊದಲ್ನೇ ಹಾಡ ಅದೇ ನೋಡ್ರಿ’ ಅನ್ನುತ್ತಾರೆ. ಈ ಮಾತನ್ನು ಹಾಗೇ ತೆಗೆದುಕೊಂಡು ಹೋಗಿ ವಿಕಿಪೀಡಿಯದಲ್ಲಿ ಬರೆದಿರೋ, ಯಾರಾದರೂ ಬಂದು ಅಳಿಸುವುದು ಖಂಡಿತ.

ಅಳಿಸುವವರ ಕೈಯಲ್ಲಿ ಕಾರಣವೂ ಇರುತ್ತದೆ. 1956ರ ‘ಓಹಿಲೇಶ್ವರ’ದಲ್ಲೇ ರಾಜ್ ಒಂದು ಭಕ್ತಿಗೀತೆ ಹಾಡಿದ್ದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಯುಗಳಗೀತೆ. ಆಮೇಲೆ ಬಹಳ ವರ್ಷ ತೆರೆಯ ಮೇಲಿನ ರಾಜ್‌ಗೆ ಪಿ.ಬಿ. ಶ್ರೀನಿವಾಸರ ಕಂಠ. 1974ರಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಎಮ್ಮೆ ಹಾಡನ್ನು ರಾಜ್ ಅವರಿಂದಲೇ ಹಾಡಿಸಿದರು. ಶ್ರೀನಿವಾಸರಿಗೆ ಅಂದು ಹುಷಾರಿರಲಿಲ್ಲವಂತೆ ಎಂಬ ಕಥೆಗೆ ಕೈಕಾಲು ಬೆಳೆದದ್ದೂ ಆಗಲೇ. ಈಗ ಹೇಳಿ, ಮೊದಲ ಹಾಡು ಯಾವುದು? ಕಂಠ ಮೊದಲು ಕೇಳಿದ್ದೋ, ಜಾನಕಿಯವರ ಜೊತೆಗೂಡಿದ್ದೋ, ಕಾಯಂ ಗಾಯಕರಾಗಿಸಿದ್ದೋ? ಮೂರು ಗುಂಪಿನವರೂ ಸರಿ. ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ, ಅಷ್ಟೆ.

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ ರಾಕ್ ಸಂಗೀತದ ಹುಚ್ಚ. ‘ನಿಮ್ಮದೇನು ಮಹಾ, ಮಾಮಾ’ ಎಂದು ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದಿ ವಾಟರ್’ ಕಥೆ ತೆಗೆದ. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಕ್ಯಾಸಿನೋಗೆ ಬೆಂಕಿ ಬಿದ್ದು, ಆ ಹಾಡು ಹುಟ್ಟಲು ಕಾರಣವಾದದ್ದು 1971ರ ಡಿಸೆಂಬರಿನಲ್ಲಿ. ಆಲ್ಬಂನಲ್ಲಿ ಬಂದದ್ದು 1972ಕ್ಕೆ. ಸಿಂಗಲ್ ರೆಕಾರ್ಡಾಗಿ ಹೊರಬಿದ್ದದ್ದು 1973ಕ್ಕೆ. ಇದು ಯಾವ ವರ್ಷದ ಹಾಡು ಎಂದು ಕೇಳಿದರೆ ಅಲ್ಲೂ ಮೂರು ಉತ್ತರ. ಅದರ ಮೇಲೆ ಇದು ಹಾರ್ಡ್ ರಾಕೋ ಹೆವಿ ಮೆಟಲ್ಲೋ ಎಂಬ ಜಗಳ ಬೇರೆ. ಬೀಟಲ್ಸ್ ಹೆಸರಿನ ಹಿಂದಿನ ‘ದಿ’ಯನ್ನು ವಾಕ್ಯದ ನಡುವೆ ದೊಡ್ಡಕ್ಷರದಲ್ಲಿ ಬರೆಯಬೇಕೋ ಸಣ್ಣಕ್ಷರದಲ್ಲೋ ಎಂದು ಇಂಗ್ಲಿಷ್ ವಿಕಿಪೀಡಿಯದವರು ಕಾದಾಡಿದ್ದು 2012ರಲ್ಲಿ ಅಮೆರಿಕದ ಪತ್ರಿಕೆಗೂ ಸುದ್ದಿಯಾಯಿತು. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಒಂದು ಜಗಳವಾದರೂ ಉಳಿಯಿತು.

ಉಳಿದ ಜಗಳಗಳಿಗೆ ಬೇಕಾದದ್ದು ಕಾಗದ. ನನ್ನ ಟ್ರಂಕಿನಲ್ಲಿ ಯಾದಗಿರಿಯ ಥಿಯೇಟರ್ ಮುಂದೆ ಕೊಂಡ ಹಾಡಿನ ಪುಸ್ತಕಗಳಿವೆ. ಗುಲಾಬಿ ಬಣ್ಣದ ತೆಳು ಕಾಗದ, ಮಡಿಚಿದಲ್ಲಿ ತುಕ್ಕು ಹಿಡಿದ ಒಂದು ಪಿನ್ನು, ಕಥಾಸಾರಾಂಶ ರಂಗೇರುವ ಹೊತ್ತಿಗೆ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’. ಹಿನ್ನೆಲೆ ಗಾಯಕರ ಹೆಸರೆಲ್ಲ ಒಂದೇ ಸಾಲಿನಲ್ಲಿ. ಯಾವ ಹಾಡು ಯಾರದ್ದೆಂದು ಇಲ್ಲ, ವರ್ಷವೂ ಇಲ್ಲ. ಅದನ್ನು ಹೇಳುತ್ತಿದ್ದದ್ದು ಕಲಬುರಗಿ ಆಕಾಶವಾಣಿ. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ಉದ್ಘೋಷಕರು ಒಪ್ಪಿಸುವಾಗ ನಮ್ಮಪ್ಪ ಊಟದ ತಾಟಿನ ಮುಂದೆ ಕೈ ತಡೆದು ಕೇಳುತ್ತಿದ್ದ, ಹಾಡು ಶುರುವಾದ ಮೇಲೆ ತುತ್ತು. ಆದರೆ ಗಾಳಿಯಲ್ಲಿ ಹೋದ ಮಾತನ್ನು ಅಡಿಟಿಪ್ಪಣಿಯಲ್ಲಿ ಕಟ್ಟಿಹಾಕುವುದು ಹೇಗೆ?

ಹೀಗಿರುವಾಗ ನಮ್ಮೂರ ಕಟ್ಟೆಯ ಹಿರಿಯರೊಬ್ಬರು ಹೊಸ ತಕರಾರು ತೆಗೆದರು. ಎಮ್ಮೆ ಹಾಡಿನ ಸಿನಿಮಾಕ್ಕೆ ಮೂಲ ಪಿ.ಬಿ. ಧುತ್ತರಗಿಯವರ ಅದೇ ಹೆಸರಿನ ನಾಟಕ. ಅದಕ್ಕೆ ದಾಖಲೆಯುಂಟು. ಇವರ ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಸಿನಿಮಾ ಬರುವ ಮೊದಲೇ ಜಾತ್ರೆಯಲ್ಲಿ ಕಂಪನಿಯವರ ಆ ನಾಟಕ ನೋಡಿದ್ದರಂತೆ. ನಾಯಕನ ಪಾತ್ರದವ ಹಾಡಿದ ಹಾಡುಗಳು ಇನ್ನೂ ನೆನಪಿವೆಯಂತೆ. ಅಲ್ಲೇ ಒಂದನ್ನು ಹಾಡಿಯೂ ತೋರಿಸಿದರು. ದನಿ ನಡುಗಿತು, ತಾಳ ತಪ್ಪಲಿಲ್ಲ. ‘ಇದನ್ನೂ ಹಾಕು ಅದರಾಗ’ ಅಂದರು.

ವಿಕಿಪೀಡಿಯದಲ್ಲಿ ಹಾಕುವಂತಿಲ್ಲ ಎಂದು ವಿವರಿಸಿದೆ. ಇದು ಸ್ವಂತ ಸಂಶೋಧನೆ ಎನಿಸಿಕೊಳ್ಳುತ್ತದೆ, ಅಚ್ಚಾದ ಆಧಾರ ಬೇಕು, ಯಾವುದಾದರೂ ಪತ್ರಿಕೆಯವರು ಬಂದು ನಿಮ್ಮನ್ನು ಮಾತಾಡಿಸಿ ಬರೆದರೆ ಆಗ ಹಾಕಬಹುದು ಅಂದೆ. ಹಿರಿಯರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

‘ಅಂದ್ರ ನಾ ಹೇಳಿದ್ದು ಸುಳ್ಳು. ನಾ ಹೇಳಿದ್ದನ್ನೇ ಪೇಪರಿನಂವ ಬರಕೊಂಡ್ರ ಖರೆ. ಹೌದಿಲ್ಲೊ?’

ನಿಯಮ ಹಾಗೆಯೇ ಇದೆ. ಅದಕ್ಕೇ ಈ ಪ್ರಬಂಧದಲ್ಲಿ ಅವರ ಮಾತನ್ನು ಅಚ್ಚಿಗೆ ಕೊಟ್ಟಿದ್ದೇನೆ. ಮುಂದಿನ ಸಂಪಾದಕರು ನೋಡಿಕೊಳ್ಳಲಿ.