ಡಂಪ್ ತಗೊಂಡ್ರಾ?

2000ದ ಆಸುಪಾಸಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೋಡ್ ಬರೆಯುವವರಿಗೆ ಇದ್ದ ಮರ್ಯಾದೆ ಪ್ರೊಡಕ್ಷನ್ ಸಪೋರ್ಟಿನವರಿಗೆ ಇರಲಿಲ್ಲ. ಅಮೆರಿಕದ ಹಗಲು ನಮ್ಮ ರಾತ್ರಿ. ಡೆವಲಪರ್‌ಗಳು ಮನೆಗೆ ಹೊರಡುವ ಹೊತ್ತಿಗೆ ನಾವು ಕ್ಯಾಬ್ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೊರಡುತ್ತಿದ್ದೆವು. ಬೆಳಗಾಗುವವರೆಗೆ ಸಮುದ್ರದಾಚೆಯ ಸರ್ವರ್‌ಗಳನ್ನು ಕಾಯುವುದು ನಮ್ಮ ಕೆಲಸ. ಸರ್ವರ್ ಬಿದ್ದರೆ ಅಷ್ಟು ಭಯವಿರಲಿಲ್ಲ, ಎಬ್ಬಿಸಬಹುದಿತ್ತು. ಬೀಳದೆ, ಸಿಪಿಯು ನೂರಕ್ಕೆ ಹೋಗಿ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಾಗ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು.

ಸುಲಭದ ಉಪಾಯ ಎಲ್ಲರಿಗೂ ಗೊತ್ತಿತ್ತು: ಬೌನ್ಸ್ ಮಾಡುವುದು. ಜಾವಾ ಪ್ರೊಸೆಸ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಿಪಿಯು ಇಳಿಯುತ್ತಿತ್ತು, ಗ್ರಾಹಕರು ಸುಮ್ಮನಾಗುತ್ತಿದ್ದರು. ನಮ್ಮ ತಂಡದ ಹಿರಿಯರೊಬ್ಬರು ಮಾತ್ರ ಅದಕ್ಕೆ ಬಿಡುತ್ತಿರಲಿಲ್ಲ. ಅಪರಾತ್ರಿಯಲ್ಲಿ ಫೋನ್ ಮಾಡಿದರೂ ಅವರ ಮೊದಲ ಮಾತು, “ಡಂಪ್ ತಗೊಂಡ್ರಾ?” ಇಲ್ಲ ಸರ್ ಎಂದರೆ, “ಹಾಗಾದ್ರೆ ಇದು ನಾಳೆನೂ ಬರುತ್ತೆ. ಮೊದಲು ತಗೊಳ್ಳಿ, ಆಮೇಲೆ ಬೌನ್ಸ್ ಮಾಡಿ” ಎನ್ನುತ್ತಿದ್ದರು.

ಡಂಪ್ ಎಂದರೆ ಥ್ರೆಡ್ ಡಂಪ್. ಆ ಗಳಿಗೆಯಲ್ಲಿ ಯಾವ ಥ್ರೆಡ್ ಕೋಡಿನ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ. ಪ್ರೊಸೆಸ್‌ಗೆ ಕಿಲ್ ಮೈನಸ್ ತ್ರೀ ಕೊಟ್ಟರೆ ಅದು ಸಾಯದೆ ಆ ಪಟ್ಟಿಯನ್ನು ಲಾಗಿಗೆ ಸುರಿಯುತ್ತಿತ್ತು. 2004ರಲ್ಲಿ ಜಾವಾ 5ರ ಜೊತೆ ಜೆಸ್ಟ್ಯಾಕ್ ಬಂದ ಮೇಲೆ ಕೆಲಸ ಇನ್ನೂ ಹಗುರವಾಯಿತು. ಲಿನಕ್ಸಿನ ಟಾಪ್ ಕಮಾಂಡಿಗೆ ದೊಡ್ಡ ಎಚ್ ಸೇರಿಸಿದರೆ ಸಿಪಿಯು ತಿನ್ನುತ್ತಿರುವ ಥ್ರೆಡ್ಡಿನ ಸಂಖ್ಯೆ ಸಿಗುತ್ತಿತ್ತು, 10234 ಎಂದುಕೊಳ್ಳಿ. ಡಂಪಿನಲ್ಲಿ ಅದೇ ಸಂಖ್ಯೆ ಹೆಕ್ಸ್ ರೂಪದಲ್ಲಿ, 27ಎಫ್ಎ ಎಂದು ಇರುತ್ತಿತ್ತು. ಲೆಕ್ಕ ಹಾಕಿ ಹುಡುಕಬೇಕು. ಒಂದೇ ಡಂಪ್ ಸಾಲದು. ಕೆಲವು ಸೆಕೆಂಡು ಬಿಟ್ಟು ಮೂರ್ನಾಲ್ಕು ತೆಗೆಯಬೇಕು. ಒಂದರಲ್ಲಿ ಕಂಡದ್ದು ಆಕಸ್ಮಿಕವಿರಬಹುದು. ಎಲ್ಲದರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ.

ಹೀಗೆ ಹಿಡಿದ ಒಂದು ದೋಷ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಕೋರಿನ ಸರ್ವರ್. ಸಿಪಿಯು ಶೇ. 25ಕ್ಕೆ ಏರಿ ನೆಟ್ಟಗೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ 50, ಆಮೇಲೆ 75. ಇಳಿಯುವ ಮಾತೇ ಇಲ್ಲ. ಡಂಪ್‌ಗಳಲ್ಲಿ ನೋಡಿದರೆ ಪ್ರತಿ ಏರಿಕೆಗೂ ಒಂದು ಥ್ರೆಡ್ ಹ್ಯಾಶ್‌ಮ್ಯಾಪಿನಿಂದ ಮಾಹಿತಿ ಓದುವ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಲಾಕ್ ಇಲ್ಲದೆ ಹಂಚಿಕೊಂಡ ಹ್ಯಾಶ್‌ಮ್ಯಾಪನ್ನು ಎರಡು ಥ್ರೆಡ್‌ಗಳು ಒಂದೇ ಸಮಯಕ್ಕೆ ಹಿಗ್ಗಿಸಲು ಹೋದರೆ ಅದರೊಳಗಿನ ಕೊಂಡಿಗಳು ಒಂದನ್ನೊಂದು ತೋರಿಸುತ್ತಾ ಸುತ್ತಾಗಿಬಿಡಬಹುದಿತ್ತು. ಆ ಸುತ್ತಿಗೆ ಬಿದ್ದ ಥ್ರೆಡ್ ಹೊರಬರುವುದಿಲ್ಲ. ಒಂದು ಕೋರ್ ಪೂರ್ತಿ ಅದಕ್ಕೇ ಮುಡಿಪು. ಹ್ಯಾಶ್‌ಮ್ಯಾಪ್ ಇದ್ದ ಕಡೆ ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ಹಾಕಿದ್ದಷ್ಟೇ ಪರಿಹಾರ. 2014ರಲ್ಲಿ ಬಂದ ಜಾವಾ 8ರಲ್ಲಿ ಆ ಒಳರಚನೆಯನ್ನೇ ಬದಲಿಸಿದರು. ಬರೀ ಬೌನ್ಸ್ ಮಾಡುತ್ತಾ ಹೋಗಿದ್ದರೆ ಆ ಒಂದು ಸಾಲು ನಮಗೆ ಎಂದೂ ಕಾಣುತ್ತಿರಲಿಲ್ಲ.

ಎಲ್ಲ ಉತ್ತರವೂ ಡಂಪಿನಲ್ಲಿ ಇರುವುದಿಲ್ಲ ಎಂದು ಕಲಿಸಿದ್ದು 2012ರ ಜುಲೈ 1, ಭಾನುವಾರ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡು ಸೇರಿಸಿದ್ದರು. ನಮ್ಮ ಲೆಕ್ಕದಲ್ಲಿ ಅದು ಬೆಳಗಿನ 5.30. ಆ ಕ್ಷಣದಿಂದಲೇ ಲೋಕದ ಎಷ್ಟೋ ಕಡೆ ಲಿನಕ್ಸ್ ಮೇಲಿನ ಜಾವಾ ಸರ್ವರ್‌ಗಳ ಸಿಪಿಯು ಏರಿ ಕೂತಿತು. ನಾವು ನೋಡಿಕೊಳ್ಳುತ್ತಿದ್ದವೂ ಅವುಗಳಲ್ಲಿದ್ದವು. ಕೋಡ್ ಬದಲಾಗಿಲ್ಲ, ಭಾನುವಾರ ಮುಂಜಾನೆ ಬಳಕೆದಾರರೂ ಇಲ್ಲ. ಡಂಪಿನಲ್ಲಿ ಥ್ರೆಡ್‌ಗಳೆಲ್ಲ ಕೆಲಸಕ್ಕಾಗಿ ಕಾಯುತ್ತಿವೆ. ದೋಷ ಇದ್ದದ್ದು ಕರ್ನೆಲ್‌ನಲ್ಲಿ: ಸೇರಿದ ಸೆಕೆಂಡಿನ ಸುದ್ದಿ ಅದರ ಟೈಮರ್‌ಗಳಿಗೆ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ಮಲಗಬೇಕಾದ ಥ್ರೆಡ್‌ಗಳು ಮಲಗಿದ ಕೂಡಲೇ ಎದ್ದು, ಮತ್ತೆ ಮಲಗಿ, ಮತ್ತೆ ಏಳುತ್ತಿದ್ದವು. ಗಡಿಯಾರವನ್ನು ಅದೇ ಸಮಯಕ್ಕೆ ಇನ್ನೊಮ್ಮೆ ಸೆಟ್ ಮಾಡಿದರೆ ಸಾಕಿತ್ತು. ಬೌನ್ಸ್ ಇಲ್ಲದೆಯೇ ಸಿಪಿಯು ಇಳಿಯುತ್ತಿತ್ತು. 2035ರೊಳಗೆ ಈ ಸೆಕೆಂಡು ಸೇರಿಸುವ ಪದ್ಧತಿಯನ್ನು ಬಿಡಲು 2022ರಲ್ಲಿ ಅಂತರರಾಷ್ಟ್ರೀಯ ತೀರ್ಮಾನವಾಗಿದೆ.

ಆಮೇಲಿನ ವರ್ಷಗಳಲ್ಲಿ ಸರ್ವರ್‌ನ ಅರ್ಥವೇ ಸಡಿಲವಾಯಿತು. ಯಂತ್ರದ ಜಾಗಕ್ಕೆ ಕ್ಲೌಡ್ ಬಂತು, ಕ್ಲೌಡಿನೊಳಗೆ ಕಂಟೇನರ್ ಬಂತು. ಕಂಟೇನರಿಗೆ ಎರಡು ಕೋರ್ ಎಂದು ಮಿತಿ ಹಾಕಿದ್ದರೂ ಹಳೆಯ ಜಾವಾ ಕೆಳಗಿನ ಯಂತ್ರದ ಅಷ್ಟೂ ಕೋರ್‌ಗಳನ್ನು ತನ್ನವೆಂದೇ ಎಣಿಸಿ ಹತ್ತಾರು ಥ್ರೆಡ್‌ಗಳನ್ನು ಎಬ್ಬಿಸುತ್ತಿತ್ತು. ಪ್ರತಿ ನೂರು ಮಿಲಿಸೆಕೆಂಡಿಗೆ ಕಂಟೇನರಿಗೆ ಸಿಗುವ ಸಿಪಿಯು ಪಾಲನ್ನು ಅವೆಲ್ಲ ಸೇರಿ ಆರಂಭದಲ್ಲೇ ಮುಗಿಸಿ ಉಳಿದ ಹೊತ್ತು ಸುಮ್ಮನೆ ಕೂರುತ್ತಿದ್ದವು. 2018ರ ಜಾವಾ 10ರ ಹೊತ್ತಿಗೆ ಅದು ಸರಿಹೋಯಿತು.

ಸರಿಹೋಗದೆ ಉಳಿದದ್ದು ಬೇರೆ. ಈಗ ಸಿಪಿಯು ಏರಿದರೆ ಆಟೋಸ್ಕೇಲಿಂಗ್ ಇನ್ನಷ್ಟು ಕಂಟೇನರ್‌ಗಳನ್ನು ಸೇರಿಸುತ್ತದೆ. ಹೆಲ್ತ್ ಚೆಕ್‌ಗೆ ಉತ್ತರ ಕೊಡದ ಕಂಟೇನರನ್ನು ವ್ಯವಸ್ಥೆಯೇ ಕೊಂದು ಹೊಸದನ್ನು ತರುತ್ತದೆ. ಯಾರ ನಿದ್ದೆಯೂ ಕೆಡುವುದಿಲ್ಲ, ಆ ನೆಮ್ಮದಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸತ್ತ ಕಂಟೇನರಿನ ಜೊತೆ ಸಾಕ್ಷಿಯೂ ಹೋಗುತ್ತದೆ. ದೋಷ ಹಾಗೇ ಉಳಿದು, ತಿಂಗಳ ಕೊನೆಗೆ ಕ್ಲೌಡ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಬೇಸರವಾಗುವುದು ಏಕೆಂದರೆ, ನೋಡುವ ಸಾಧನಗಳು ಈಗಿನಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ಫ್ಲೇಮ್ ಗ್ರಾಫ್ ಸಾವಿರಾರು ಸ್ಯಾಂಪಲ್‌ಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿ ತೋರಿಸುತ್ತದೆ. ಅಗಲವಾದ ಪಟ್ಟಿ ಎಲ್ಲಿದೆಯೋ ಸಿಪಿಯು ಹೋಗುತ್ತಿರುವುದು ಅಲ್ಲಿ. ಜಾವಾ ಫ್ಲೈಟ್ ರೆಕಾರ್ಡರ್ 2018ರಿಂದ ಮುಕ್ತವಾಗಿ ಸಿಗುತ್ತಿದೆ, ಪ್ರೊಡಕ್ಷನ್ನಿನಲ್ಲೇ ಸದಾ ಓಡುವಷ್ಟು ಹಗುರ. ನಾವು ರಾತ್ರಿಯಿಡೀ ಹೆಕ್ಸ್ ಲೆಕ್ಕ ಹಾಕಿ ಹುಡುಕಿದ್ದನ್ನು ಇಂದಿನ ಹುಡುಗ ಹುಡುಗಿಯರು ನಿಮಿಷದಲ್ಲಿ ಕಾಣಬಲ್ಲರು.

ನಮ್ಮ ತಂಡದಲ್ಲಿ ಈಗೊಂದು ನಿಯಮವಿದೆ. ಸಿಪಿಯು ತಿನ್ನುವ ಕಂಟೇನರನ್ನು ಮೊದಲು ಲೋಡ್ ಬ್ಯಾಲೆನ್ಸರಿನಿಂದ ಬಿಡಿಸಿ, ಡಂಪುಗಳನ್ನೂ ರೆಕಾರ್ಡಿಂಗನ್ನೂ ಹೊರಗೆ ನಕಲು ಮಾಡಿ, ಆಮೇಲೆ ಕೊಲ್ಲುವುದು. ಬಳಕೆದಾರರಿಗೆ ಅಷ್ಟರಲ್ಲಿ ಹೊಸ ಕಂಟೇನರ್ ಸಿಕ್ಕಿರುತ್ತದೆ, ಅವರಿಗೆ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ಕೋಡ್ ಬರೆದವರೂ ಸಪೋರ್ಟಿನವರೂ ಒಟ್ಟಿಗೆ ಕೂತು ಕಾರಣ ಹುಡುಕುತ್ತಾರೆ. ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಈ ಕೆಲಸವನ್ನು ಮೊದಲ ವಾರದಲ್ಲೇ ಕೈಹಿಡಿದು ಮಾಡಿಸುತ್ತೇನೆ. ಸರ್ವರ್ ಉಳಿಸುವುದನ್ನು ಇನ್ನು ವ್ಯವಸ್ಥೆ ನೋಡಿಕೊಳ್ಳಲಿ. ಏಕೆ ಹೀಗಾಯಿತು ಎಂದು ಕೇಳುವ ಹೊಣೆ ಮನುಷ್ಯರದೇ.