ಒಂದು ದಿನ ಸಸ್ಪೆನ್ಸ್ ಖಾತೆಗೆ

ಕಳೆದ ವರ್ಷ ಚೌತಿಗೆ ನಮ್ಮ ಮೊಮ್ಮಗಳು ಬೆಂಗಳೂರಿನಿಂದ ನರಸಿಂಹರಾಜಪುರಕ್ಕೆ ಬಂದಿದ್ದಳು. ಆರನೇ ತರಗತಿ ಓದುವ ಹುಡುಗಿ. ಕಡುಬು ತಿಂದು ಕೈ ತೊಳೆಯುವುದರೊಳಗೆ ಮೊಬೈಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಅಜ್ಜಯ್ಯ, ಇದು ನೋಡಿ. ಹಡಗು. ಒಳಗೇ ಹೋಟೆಲು, ಒಳಗೇ ಈಜುಕೊಳ. ದಸರಾ ರಜೇಲಿ ನಾವು ಮೂರೂ ಜನ ಹೋಗೋಣ.”

ಮೂರು ಜನ ಅಂದರೆ ಅವಳು, ನಾನು ಮತ್ತು ಅವಳ ಅಜ್ಜಿ. ಮುಂಬಯಿಯಿಂದ ಹೊರಟು ಗೋವಾ, ಲಕ್ಷದ್ವೀಪ, ಕೊಚ್ಚಿ ಎಂದು ಸುತ್ತುವ ವಿಹಾರ ಹಡಗು ಅದು. ನಾನು ಬಿ.ಕಾಂ. ಓದಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾರು ಏನೇ ಹೇಳಲಿ, ಮೊದಲು ಕೂಡಿ ಕಳೆದು ನೋಡುವುದು ಅಭ್ಯಾಸ. ಹಳೆಯ ಡೈರಿ ತೆಗೆದು ಗೆರೆ ಎಳೆದೆ.

ಹಡಗಿನ ಟಿಕೆಟು ಒಂದೇ ಅಲ್ಲ. ಹಡಗು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ದಿನವೇ ಮುಂಬಯಿಯಲ್ಲಿರಬೇಕು, ಅಲ್ಲಿ ಒಂದು ರಾತ್ರಿ ರೂಮು. ನಮ್ಮೂರಿನಿಂದ ತರೀಕೆರೆಗೆ ಹಿಂದೆ ಒಂದು ಪುಟ್ಟ ರೈಲು ಓಡುತ್ತಿತ್ತಂತೆ. ಈಗ ಅದಿಲ್ಲ. ಬಸ್ಸಿನಲ್ಲಿ ಶಿವಮೊಗ್ಗಕ್ಕೋ ತರೀಕೆರೆಗೋ ಹೋಗಿ ರೈಲು ಹಿಡಿಯಬೇಕು. ಎಲ್ಲ ಕೂಡಿದಾಗ ನನ್ನ ನಾಲ್ಕು ತಿಂಗಳ ಪಿಂಚಣಿ ದಾಟಿತು. ನೋಡಲು ಸಿಗುವುದು? ಒಂದೊಂದು ಬಂದರಿನಲ್ಲಿ ಕೆಲವು ಗಂಟೆ.

ಮೊಮ್ಮಗಳ ಮುಖ ಸಪ್ಪಗಾಯಿತು. ಹೂವು ಕಟ್ಟುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು: “ಹಡಗಿನೊಳಗೆ ಈಜುಕೊಳ ಯಾಕೆ? ಸುತ್ತ ಸಮುದ್ರಾನೇ ಇದೆಯಲ್ಲ. ಒಂದು ಸಲ ಸಮುದ್ರದ ಮೇಲೆ ಹೋಗಿ ಬಂದರೆ ನನಗೆ ಸಾಕು.”

ಅವಳು ಸಮುದ್ರ ನೋಡದವಳಲ್ಲ. ಉಡುಪಿಗೆ ಹೋದಾಗಲೆಲ್ಲ ದಡದಲ್ಲಿ ನಿಂತು ಕಾಲು ನೆನೆಸಿದ್ದಾಳೆ. ದೋಣಿ ಮಾತ್ರ ಹತ್ತಿಲ್ಲ.

ಆ ಮಾತು ಹಿಡಿದುಕೊಂಡು ನಾನು ಬೇರೆ ಯೋಜನೆ ಹಾಕಿದೆ. ಹಡಗು ನಮ್ಮನ್ನು ಬಂದರಿಂದ ಬಂದರಿಗೆ ಕರೆದೊಯ್ಯದಿದ್ದರೆ ಏನಂತೆ? ಬಸ್ಸು, ರೈಲು ಹಿಡಿದು ನಾವೇ ಬಂದರಿಂದ ಬಂದರಿಗೆ ಹೋಗೋಣ. ಮಂಗಳೂರು, ಮಲ್ಪೆ, ಕಾರವಾರ, ಹೊನ್ನಾವರ. ಒಟ್ಟು ಏಳು ದಿನ. ಹೋದ ದಾರಿಯಲ್ಲೇ ವಾಪಸು ಬರಬಾರದು, ಜೋಗದ ಮೇಲೆ ಹತ್ತಿ ಬರುವುದು.

ಮಕ್ಕಳೇ, ಕರಾವಳಿ ಪ್ರವಾಸಕ್ಕೆ ಕ್ಯಾಲೆಂಡರ್ ನೋಡುವಾಗ ರಜೆಯ ಕೆಂಪು ಅಕ್ಷರ ಮಾತ್ರ ನೋಡಿದರೆ ಸಾಲದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನೂಲು ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಸಮುದ್ರ ಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳು ಮಳೆಗಾಲದಲ್ಲಿ ಸಾಮಾನ್ಯವಾಗಿ ಹೊರಡುವುದಿಲ್ಲ. ಕೊಂಕಣ ರೈಲಿಗೂ ಮಳೆಗಾಲದ ವೇಳಾಪಟ್ಟಿ ಬೇರೆ. ಅದು ಅಕ್ಟೋಬರ್‌ನಲ್ಲೂ ಇರುತ್ತದೆ, ರೈಲುಗಳು ನಿಧಾನವಾಗಿ ಓಡುತ್ತವೆ. ಇದನ್ನೆಲ್ಲ ನೋಡಿ ಅಕ್ಟೋಬರ್ ಎರಡನೆಯ ವಾರ ಎಂದು ಗುರುತು ಹಾಕಿದೆ.

ಏಳು ದಿನಗಳಲ್ಲಿ ಒಂದು ದಿನಕ್ಕೆ ಏನೂ ಬರೆಯಲಿಲ್ಲ. ‘ಸಸ್ಪೆನ್ಸ್ ಖಾತೆ’ ಎಂದಷ್ಟೇ ಬರೆದೆ. ಯಾವ ಲೆಕ್ಕಕ್ಕೆ ಸೇರಬೇಕು ಎಂದು ತಕ್ಷಣ ತಿಳಿಯದ ಹಣವನ್ನು ಬ್ಯಾಂಕಿನಲ್ಲಿ ಸದ್ಯಕ್ಕೆ ಹಾಕಿಡುವ ಖಾತೆ ಅದು. ಸಮುದ್ರದ ವ್ಯವಹಾರದಲ್ಲಿ ಒಂದು ದಿನ ಹಾಗೆ ಕೈಯಲ್ಲಿರಬೇಕು.

ದಸರಾ ರಜೆ ಬಂತು, ಮೊಮ್ಮಗಳೂ ಬಂದಳು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನನ್ನ ಡೈರಿಯನ್ನು ಜೋರಾಗಿ ಓದತೊಡಗಿದಳು. ಊರು, ತಲುಪುವ ಹೊತ್ತು, ಹೊರಡುವ ಹೊತ್ತು, ಉಳಿಯುವ ಜಾಗ, ಖರ್ಚು ಎಲ್ಲಕ್ಕೂ ಬೇರೆ ಬೇರೆ ಕಲಂ ಇತ್ತು. ನನಗೆ ಒಳಗೊಳಗೇ ಹೆಮ್ಮೆ.

“ಮೂರನೇ ದಿನ. ಮಲ್ಪೆ. ಸೇಂಟ್ ಮೇರೀಸ್ ದ್ವೀಪ. ದೋಣಿ ಟಿಕೆಟು, ಎರಡು. ಮನೆಯವಳು ದಡದಲ್ಲಿ ಕೂರುವುದು.”

ಓದುವುದು ನಿಂತಿತು. “ಅಜ್ಜಯ್ಯ, ಟಿಕೆಟು ಎರಡು ಯಾಕೆ?”

“ಅಜ್ಜಿಗೆ ಮಂಡಿ ನೋವಲ್ವೇನೇ? ಅಲ್ಲಾಡೋ ದೋಣಿ ಹತ್ತೋದು ಇಳಿಯೋದು ಹೇಗೆ?” ಎಂದೆ.

ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೋಪ ಮಾಡಿಕೊಳ್ಳಲಿಲ್ಲ. “ರೀ, ಇದು ಎರಡನೇ ಸಲ,” ಎಂದಳು. ಅಷ್ಟೇ. ಒಳಗೆ ಹೋದಳು.

ಮೊದಲನೆಯ ಸಲ ಯಾವುದೆಂದು ಮೊಮ್ಮಗಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. 1983ರ ಡಿಸೆಂಬರ್. ಮದುವೆಯಾಗಿ ನಾಲ್ಕು ವರ್ಷ, ಮಗಳಿಗೆ ಎರಡು ವರ್ಷ. ಇದೇ ಮಲ್ಪೆಗೆ ಹೋಗುವುದೆಂದು ಮಾತಾಗಿತ್ತು. ಆಗೆಲ್ಲ ಬ್ಯಾಂಕುಗಳಲ್ಲಿ ಜೂನ್ 30 ಮತ್ತು ಡಿಸೆಂಬರ್ 31 ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳು. ಕಂಪ್ಯೂಟರ್ ಇಲ್ಲ. ಪ್ರತಿ ಉಳಿತಾಯ ಖಾತೆಯ ಬಡ್ಡಿಯನ್ನೂ ಕೈಯಲ್ಲೇ ಲೆಕ್ಕ ಹಾಕಬೇಕು. ಡಿಸೆಂಬರ್ ಕೊನೆಗೆ ರಜೆ ಸಿಗುವುದಿಲ್ಲ ಎಂಬುದು ಹೊಸ ಗುಮಾಸ್ತನಿಗೂ ಗೊತ್ತಿರುವ ವಿಷಯ. ಹುಮ್ಮಸ್ಸಿನಲ್ಲಿ ನಾನೇ ಮರೆತಿದ್ದೆ. ಅವಳ ಅಣ್ಣ ಆಗ ಉಡುಪಿಯಲ್ಲೇ ಇದ್ದರು. ಮಗುವನ್ನು ಕರೆದುಕೊಂಡು ಅವಳೊಬ್ಬಳೇ ಹೋಗಿಬರಬಹುದಿತ್ತು. ನಾನು ಕೇಳಲೇ ಇಲ್ಲ. “ಮುಂದಿನ ವರ್ಷ ನೋಡೋಣ” ಎಂದು ಅವರಿಗೆ ಕಾಗದ ಬರೆದು ಹಾಕಿಬಿಟ್ಟೆ. ಅವಳು ಟ್ರಂಕಿಗೆ ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಗಳುವಿನ ಮೇಲೆ ಹಾಕಿದಳು. ಆ ಮುಂದಿನ ವರ್ಷ ಬರಲೇ ಇಲ್ಲ. ಅಪ್ಪನ ಕಾಯಿಲೆ, ವರ್ಗಾವಣೆ, ಮಗಳ ಓದು, ಹೀಗೆ ನಲವತ್ತು ವರ್ಷ ಕಳೆಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಡೈರಿಯನ್ನೂ ಪೆನ್ನನ್ನೂ ಅವಳ ಮುಂದಿಟ್ಟೆ. “ನಿನ್ನ ಮಂಡಿ ಲೆಕ್ಕ ನೀನೇ ಬರಿ,” ಎಂದೆ.

ಅವಳು ಬರೆಯಲಿಲ್ಲ, ಹೇಳಿದಳು. ಮೊಮ್ಮಗಳು ಬರೆದುಕೊಂಡಳು. ನಾನು ಬಸ್ಸಿನ ಹೊತ್ತು ನೋಡಿದ್ದೆ, ಬಸ್ಸಿನ ಮೆಟ್ಟಿಲು ನೋಡಿರಲಿಲ್ಲ. ಅಡುಗೆಮನೆಯ ಸಣ್ಣ ಸ್ಟೂಲು ಜೊತೆಗಿರಲಿ, ಎಲ್ಲಿ ಮೆಟ್ಟಿಲು ಎತ್ತರವೋ ಅಲ್ಲಿ ಇಡಬಹುದು. ರೂಮು ನೆಲ ಅಂತಸ್ತಿನಲ್ಲೇ ಬೇಕು. ಇಷ್ಟು ಗಂಟೆಗೆ ಇಷ್ಟು ಜಾಗ ಎಂದು ಓಡಿಸಬೇಡಿ, ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ ಸಾಕು. ಶೌಚಾಲಯ ಎಲ್ಲಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ದೋಣಿ ಹತ್ತುವ ಜಾಗಕ್ಕೆ ಹೋಗಿ ನಾನೇ ನೋಡುತ್ತೇನೆ. ಆಗದಿದ್ದರೆ ಆಗುವುದಿಲ್ಲ ಎಂದು ನಾನೇ ಹೇಳುತ್ತೇನೆ. ಕೊನೆಯ ಸಾಲಿಗೆ ಮೊಮ್ಮಗಳು ಎರಡು ಸಲ ಗೆರೆ ಎಳೆದಳು.

ಕೊಪ್ಪ, ಶೃಂಗೇರಿ ದಾಟಿ ಬಸ್ಸು ಕಾಡಿನೊಳಗೆ ಹೊಕ್ಕಿತು. ಎಸ್.ಕೆ. ಬಾರ್ಡರ್ ಎಂಬ ಹೆಸರು ಮೊಮ್ಮಗಳಿಗೆ ತಮಾಷೆಯಾಗಿ ಕಂಡಿತು. ದಕ್ಷಿಣ ಕನ್ನಡವನ್ನು ಸೌತ್ ಕೆನರಾ ಎನ್ನುತ್ತಿದ್ದ ಕಾಲದ ಹೆಸರು ಅದು. ದಾರಿಯಲ್ಲಿ ಅವಳಿಗೊಂದು ಒಗಟು ಹೇಳಿದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಗಂಗಾಮೂಲದ ಬೆಟ್ಟಗಳ ಮಕ್ಕಳು ಎನ್ನುತ್ತಾರೆ. ನಮ್ಮೂರಿಗೆ ಹತ್ತಿರದ್ದು ಪಶ್ಚಿಮದ ಸಮುದ್ರ. ಆದರೂ ನಮ್ಮ ಭದ್ರೆಯ ನೀರು ಯಾವ ಸಮುದ್ರ ಸೇರುತ್ತದೆ? ಅವಳು “ಅರಬ್ಬಿ” ಎಂದಳು. ಅಲ್ಲ. ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಮುಂದೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನೇತ್ರಾವತಿ ಮಾತ್ರ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. “ಅಂದರೆ ತಂಗಿ ಹತ್ತಿರದ ದಾರಿ ಹಿಡಿದಳು, ಅಕ್ಕಂದಿರು ದೇಶ ಸುತ್ತಿದರು,” ಎಂದಳು ಅಜ್ಜಿ.

ಮಂಗಳೂರಿನಲ್ಲಿ ಎರಡು ಬಂದರುಗಳಿವೆ. ಹಳೆಯದು ನದಿಯ ಬಂದರು. ಲಕ್ಷದ್ವೀಪಕ್ಕೆ ತರಕಾರಿ, ಕಲ್ಲು, ಜಲ್ಲಿ ಹೊತ್ತೊಯ್ಯುವ ಮಂಜಿಗಳು ಅಲ್ಲಿ ನಿಂತಿರುತ್ತವೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ಕೂಡುತ್ತದೆ, ಹಾಗಾಗಿ ದೊಡ್ಡ ಹಡಗು ಒಳಗೆ ಬರಲಾರದು. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು, ಎರಡು ತಡೆಗೋಡೆ ಕಟ್ಟಿ ನವ ಮಂಗಳೂರು ಬಂದರನ್ನು ನಿರ್ಮಿಸಿದರು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಮಳೆಗಾಲ ಕಳೆದ ಮೇಲೆ ವಿದೇಶದ ವಿಹಾರ ಹಡಗುಗಳೂ ಅಲ್ಲಿಗೆ ಬರುತ್ತವೆ. ಬೆಳಿಗ್ಗೆ ಇಳಿದವರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ನಾವು ಪಣಂಬೂರಿನ ಮರಳಿನ ಮೇಲೆ ಕುಳಿತು, ದೂರದಲ್ಲಿ ಸರದಿ ಕಾಯುತ್ತಿದ್ದ ಸರಕು ಹಡಗುಗಳನ್ನು ಎಣಿಸಿದೆವು. ಮೊಮ್ಮಗಳ ಲೆಕ್ಕಕ್ಕೆ ಐದು, ನನ್ನ ಕಣ್ಣಿಗೆ ಮೂರು.

ಮೂರನೆಯ ದಿನ ಮಲ್ಪೆಗೆ ಹೋದರೆ ದೋಣಿ ಇಲ್ಲ. ಗಾಳಿ ಜೋರು, ಅಲೆ ಎತ್ತರ. “ಇವತ್ತು ಬಿಡುವುದಿಲ್ಲ,” ಎಂದರು. ಮೊಮ್ಮಗಳ ಕಣ್ಣಲ್ಲಿ ನೀರು. ನಾನು ಹೆಂಡತಿಯ ಕಡೆ ನೋಡಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಅವಳೇ ಕೇಳಿದಳು: “ನಿಮ್ಮ ಆ ಸಸ್ಪೆನ್ಸ್ ಖಾತೆ ಇದೆಯಲ್ಲ?”

ಆ ದಿನ ಮೀನುಗಾರಿಕಾ ಬಂದರಿನಲ್ಲಿ ಬಲೆ ಹೆಣೆಯುವುದನ್ನು ನೋಡುತ್ತ ಕಳೆದೆವು. ಅವಳು ದೋಣಿ ಹತ್ತುವ ಕಟ್ಟೆಗೆ ಹೋಗಿ ಎತ್ತರ ನೋಡಿಕೊಂಡು ಬಂದಳು. “ನೀರು ಏರಿದಾಗ ದೋಣಿಯೂ ಏರುತ್ತದೆ. ಆಗ ಹತ್ತುವುದು ಸುಲಭ,” ಎಂದು ಅಲ್ಲಿದ್ದ ಒಬ್ಬ ಹಿರಿಯರು ಹೇಳಿದರು. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಮರುದಿನದ ಹೊತ್ತನ್ನು ಮೊಮ್ಮಗಳು ಡೈರಿಯಲ್ಲಿ ಗುರುತು ಹಾಕಿದಳು.

ಮರುದಿನ ಗಾಳಿ ತಗ್ಗಿತ್ತು. ಮೂರು ಟಿಕೆಟು ತೆಗೆದೆ. ಸ್ಟೂಲು ಇಟ್ಟು, ದೋಣಿಯ ಹುಡುಗರಿಬ್ಬರ ತೋಳು ಹಿಡಿದು, “ಅಮ್ಮ, ಅಲೆ ಹೋಗಲಿ... ಈಗ ಬನ್ನಿ” ಎಂದಾಗ ಅವಳು ಕಾಲಿಟ್ಟಳು. ನಾನು ಹಿಂದೆ ನಿಂತಿದ್ದೆ, ಕೈ ನೀಡಲು ಹೋಗಿ ಸುಮ್ಮನಾದೆ. ಅವಳಿಗೆ ನನ್ನ ಕೈ ಬೇಕಿರಲಿಲ್ಲ, ಜಾಗ ಬೇಕಿತ್ತು.

ದ್ವೀಪದಲ್ಲಿ ಕಲ್ಲಿನ ಕಂಬಗಳು ಯಾರೋ ಉಳಿ ಹಿಡಿದು ಕೆತ್ತಿದ ಹಾಗೆ ನಿಂತಿವೆ. ಐದು ಮೂಲೆ, ಆರು ಮೂಲೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಹೀಗೆ ಸೀಳಿತಂತೆ. ಕೆಸರು ಒಣಗಿದಾಗ ಬಿರುಕು ಬಿಡುವುದಿಲ್ಲವೇ, ಹಾಗೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೊಮ್ಮಗಳು ಕಂಬಗಳ ಮೂಲೆ ಎಣಿಸುತ್ತ ಓಡಾಡಿದಳು. ಅಜ್ಜಿ ಬಂಡೆಗಳ ಕಡೆ ಹೋಗಲಿಲ್ಲ. “ಅಲ್ಲಿ ನನಗಾಗುವುದಿಲ್ಲ,” ಎಂದು ಅವಳೇ ಹೇಳಿ, ತೆಂಗಿನ ಮರದ ನೆರಳಲ್ಲಿ ಸ್ಟೂಲಿನ ಮೇಲೆ ಕುಳಿತಳು. ಹಿಂದಿರುಗುವಾಗ ದೋಣಿಯ ಅಂಚಿನಿಂದ ಕೈ ಚಾಚಿ ಸಮುದ್ರದ ನೀರು ಮುಟ್ಟಲು ನೋಡಿದಳು. ಎಟುಕಲಿಲ್ಲ. ಅಷ್ಟರಲ್ಲಿ ಒಂದು ಅಲೆ ಬಂದು ಅವಳ ಮುಖಕ್ಕೇ ಎರಚಿತು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಉಳಿದದ್ದು ಸಲೀಸಾಗಿ ಆಯಿತು. ಕಾರವಾರಕ್ಕೆ ಹೋಗುವ ರೈಲು ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿತು. ಎರಡು ಕಿಲೋಮೀಟರಿಗೂ ಉದ್ದ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. ಅವರ ಅಣ್ಣ ಅಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಬಂದು ತಂಗಿದ್ದರು. ಅದೇ ತೀರದಲ್ಲಿ ‘ಐಎನ್‌ಎಸ್ ಚಪಲ್’ ಎಂಬ ನೌಕಾಪಡೆಯ ಹಡಗು ವಸ್ತುಸಂಗ್ರಹಾಲಯವಾಗಿ ನಿಂತಿದೆ. “ಇದೂ ಅಜ್ಜಯ್ಯನ ಹಾಗೆ ನಿವೃತ್ತ,” ಎಂದಳು ಮೊಮ್ಮಗಳು. ಹೊನ್ನಾವರದಲ್ಲಿ ಕಾಂಡ್ಲಾ ಗಿಡಗಳ ನಡುವೆ ಇನ್ನೊಂದು ದೋಣಿ. ಈ ಸಲ ಅಜ್ಜಿಯೇ ಮುಂದೆ. ಅದೇ ಶರಾವತಿಯನ್ನು ಮರುದಿನ ಜೋಗದಲ್ಲಿ ಮೇಲಿನಿಂದ ನೋಡಿ, ಶಿವಮೊಗ್ಗದ ಮೇಲೆ ಮನೆ ಸೇರಿದೆವು.

ಮನೆಗೆ ಬಂದ ಮೇಲೆ ಲೆಕ್ಕ ಮುಗಿಸಲು ಕುಳಿತೆ. ಅಂದಾಜಿಗಿಂತ ಖರ್ಚು ಸ್ವಲ್ಪ ಹೆಚ್ಚಾಗಿತ್ತು. ಎಲ್ಲಿ ಎಂದು ನೋಡಿದರೆ, ಮೂರನೆಯ ಟಿಕೆಟು ಮತ್ತು ದೋಣಿಯ ಹುಡುಗರಿಗೆ ಅವಳು ಕೊಡಿಸಿದ ಕಾಫಿ ತಿಂಡಿ.

ನನ್ನ ವಯಸ್ಸಿನ ಗೆಳೆಯರಿಗೆ ಒಂದು ಮಾತು. ಪ್ರವಾಸದ ಪಟ್ಟಿ ಮಾಡುವಾಗ ಒಂದು ದಿನ ಖಾಲಿ ಬಿಡಿ. ಜೊತೆಗೆ ಬರುವವರಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಕಲಮನ್ನು ಅವರ ಕೈಯಲ್ಲೇ ತುಂಬಿಸಿ. ಮಕ್ಕಳೇ, ನಿಮ್ಮ ಅಜ್ಜಿಯ ಬಳಿ ಹೋಗಿ, “ಅಜ್ಜಿ, ನೀನು ಇನ್ನೂ ನೋಡದೇ ಇರೋದು ಏನು?” ಎಂದು ಕೇಳಿ. ಬರೆದುಕೊಳ್ಳಲು ಪೆನ್ನು ಜೊತೆಗಿರಲಿ.

ನಮ್ಮ ಮನೆಯ ಡೈರಿಯಲ್ಲಿ ಹೊಸ ಪುಟ ಶುರುವಾಗಿದೆ. ಮೇಲೆ ಮೊಮ್ಮಗಳ ಅಕ್ಷರದಲ್ಲಿ ಬರೆದಿದೆ: “ಮುಂದಿನ ದಸರಾ. ಕೂಡ್ಲಿ. ಟಿಕೆಟು ಮೂರು.” ಭದ್ರೆ ತುಂಗೆಯನ್ನು ಸೇರುವ ಜಾಗ ನೋಡಬೇಕಂತೆ. ಅಜ್ಜಿಯ ಸ್ಟೂಲು ಈಗಾಗಲೇ ಜಗಲಿಗೆ ಬಂದಿದೆ.