ಗಾಳಿಕೋವಿಯೂ ಆಷಾಢದ ಗಾಳಿಯೂ

ಗಾಳಿಕೋವಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜಾತ್ರೆಯ ಬಲೂನು ಅಂಗಡಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಮುಂದೆ ಸಾಗಿದ ಮೇಲೆ ಹುಡುಗರು ಮುತ್ತಿಕೊಳ್ಳುವುದು ಅಲ್ಲಿಯೇ. ಮೂರು ಮಾರು ದೂರದ ಬಲೂನಿಗೆ ಗಾಳಿಯ ಭಯವಿಲ್ಲ. ಕೋವಿಯ ನಳಿಗೆ ಸೊಟ್ಟಗಿದ್ದರೆ ಮಾತ್ರ ಭಯ. ಒಲಿಂಪಿಕ್ಸಿನಲ್ಲೂ ಗಾಳಿಯ ಕಾಟವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆ 10 ಮೀಟರಿನದು, ನಾಲ್ಕು ಗೋಡೆಗಳ ಒಳಗಿನದು. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು. ಅದು ತಪಸ್ಸೇ, ಒಪ್ಪುತ್ತೇನೆ. ಆದರೆ ಅಂಥದೇ ಕೋವಿಯನ್ನು ಬಯಲಿಗೆ ತಂದು 50 ಮೀಟರಿಗೆ ಗುರಿಯಿಟ್ಟು ನೋಡಿ. ತಪಸ್ಸು ಕೆಡಿಸಲು ಮೇನಕೆಯೇ ಬರಬೇಕಾಗಿಲ್ಲ, ಹೊಳೆಯ ಮೇಲಿಂದ ಬಂದ ಒಂದು ಸುಳಿಗಾಳಿ ಸಾಕು.

ಅದರ ಗುಂಡು ಸೊಂಟ ಸಣ್ಣಗಿರುವ ಸೀಸದ ಚೂರು. ತೂಕ ಅರ್ಧ ಗ್ರಾಮಿನ ಆಸುಪಾಸು. 50 ಮೀಟರು ಸಾಗಲು ಅದಕ್ಕೆ ಹೆಚ್ಚು ಕಡಿಮೆ ಕಾಲು ಸೆಕೆಂಡು ಬೇಕು. ನಮಗೆ ಅದು ಲೆಕ್ಕವೇ ಅಲ್ಲ, ಗಾಳಿಗೆ ಧಾರಾಳವಾಯಿತು.

ನಾನಿರುವುದು ನಂಜನಗೂಡಿನಲ್ಲಿ. ಅಭ್ಯಾಸ ಮಾತ್ರ ತಿರುಮಕೂಡಲು ನರಸೀಪುರದ ಹತ್ತಿರ, ಅಕ್ಕನ ಮನೆಯವರ ತೆಂಗಿನ ತೋಟದಲ್ಲಿ. ನಮ್ಮೂರಿನ ಕಪಿಲೆ ಅಲ್ಲಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಭಾನುವಾರ ನಾನು ಬಸ್ಸಿನಲ್ಲಿ ಹೋಗಿ ಭಾವನವರನ್ನು ಸೇರುತ್ತೇನೆ. ಕೋವಿ ಅವರದು. ತೋಟದ ತುದಿಯಲ್ಲಿ ಆಳೆತ್ತರದ ಮಣ್ಣಿನ ದಿಬ್ಬವಿದೆ. ಅದು ಹಿಂದಿಲ್ಲದೆ ಒಂದು ಗುಂಡೂ ಹಾರಬಾರದೆಂಬುದು ಭಾವನವರ ಕಟ್ಟಾಜ್ಞೆ. ದಾರಿಹೋಕರು, 'ಏನ್ ಸ್ವಾಮಿ, ಕೊಕ್ಕರೆ ಬಿತ್ತಾ?' ಎಂದು ಕೇಳುವುದುಂಟು. ಹಕ್ಕಿ ಹೊಡೆಯುವುದಿಲ್ಲ, ಕಾಗದ ಹೊಡೆಯುತ್ತೇವೆ ಎಂದರೆ ಯಾರೂ ನಂಬುವುದಿಲ್ಲ.

ಗಾಳಿ ಬೆನ್ನಿಗಿದ್ದರೆ ಗುಂಡು ನೇರ ಹೋಗುತ್ತದೆಂದು ಎಲ್ಲರಿಗೂ ಅನ್ನಿಸುತ್ತದೆ. ಬೆನ್ನಿನ ಗಾಳಿ ಹಸುವಿನ ಬಾಲದಂಥದು; ಈಗ ಎಡಕ್ಕೆ, ಮರುಗಳಿಗೆಗೆ ಬಲಕ್ಕೆ. ಒಂದೇ ಪಕ್ಕದಿಂದ ಬೀಸುವ ಗಾಳಿಯೇ ಎಷ್ಟೋ ವಾಸಿ. ಅದಕ್ಕೇ ಭಾವ ಹಲಗೆಯನ್ನು ದಕ್ಷಿಣಕ್ಕಿಟ್ಟರು, ಪಡುವಣ ಗಾಳಿ ಬಲಗೆನ್ನೆಗೆ ಬಡಿಯುವಂತೆ. ಗುಂಡು ಎಡಕ್ಕೆ ಸರಿಯುತ್ತದೆ, ನಳಿಗೆಯೊಳಗಿನ ತಿರುವಿನಿಂದಾಗಿ ಕೊಂಚ ಮೇಲಕ್ಕೂ ಏರುತ್ತದೆ. ಕಾಗದದ ಮೇಲೆ ತೂತುಗಳು ಓರೆಸಾಲಾಗಿ ಬೀಳುತ್ತವೆ. ದಾರಿಯುದ್ದಕ್ಕೂ ಮೂರು ಕಡ್ಡಿ ನೆಟ್ಟು ಉಣ್ಣೆಯ ದಾರ ಕಟ್ಟಿದ್ದೇವೆ. ಹೊಸಬರು ಗುರಿಯ ಬಳಿಯ ದಾರವನ್ನು ನೋಡುತ್ತಾರೆ. ನೋಡಬೇಕಾದದ್ದು ನಮ್ಮ ಮೂಗಿನ ಮುಂದಿನದನ್ನು. ಹೊರಡುವಾಗಲೇ ಕೂದಲೆಳೆಯಷ್ಟು ವಾಲಿದ ಗುಂಡು ತಲುಪುವಾಗ ಬೆರಳುಗಟ್ಟಲೆ ಸರಿದಿರುತ್ತದೆ.

ಆಷಾಢದ ಗಾಳಿಯ ಕಸುವು ತಿಳಿಯಬೇಕಾದರೆ ಇದೇ ತಾಲ್ಲೂಕಿನ ತಲಕಾಡಿಗೆ ಹೋಗಿ. ಕಾವೇರಿಯ ಮರಳನ್ನು ಕಾಳುಕಾಳಾಗಿ ಹೊತ್ತು ಊರ ಮೇಲೆ ಸುರಿದದ್ದು ಈ ಗಾಳಿಯೇ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನನ್ನೂ ಅದು ಬಿಡಲಿಲ್ಲ. ಅಲಮೇಲಮ್ಮನ ಶಾಪವೆನ್ನುವವರು ಎನ್ನಲಿ. ಭಾವ ಮಾತ್ರ, 'ಶಾಪಾನೂ ಹೊತ್ಕೊಂಡು ಬರೋಕೆ ಗಾಳಿ ಬೇಕಲ್ಲಪ್ಪ' ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಅವರಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಕಳ್ಳ ಕಾಯಿಲೆ. ನೋವಿಲ್ಲ, ಉರಿಯಿಲ್ಲ, ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಗುರಿಯ ಕರಿಚುಕ್ಕೆ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದ ದಾರಗಳು ಕಾಣುತ್ತಿರಲಿಲ್ಲ. ದಾರ ಬಣ್ಣಗೆಟ್ಟಿದೆಯೆಂದು ಅಕ್ಕನಿಂದ ಕೆಂಪು ಉಣ್ಣೆ ಕೇಳಿ ತಂದು ಕಟ್ಟಿದರು. ಹೋದ ನೋಟ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಕಣ್ಣಿಗೆ ಹನಿ ಬರೆದುಕೊಟ್ಟರು. ಹೊತ್ತು ಮೀರಿತ್ತು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟು ಉಳಿದಿದೆ.

ಕೋವಿಯನ್ನು ನನ್ನ ಕೈಗಿತ್ತ ದಿನ ಅವರು ಏನೂ ಹೇಳಲಿಲ್ಲ. ಇನ್ನು ತೋಟಕ್ಕೆ ಬರಲಾರರೆಂದೇ ಅಕ್ಕನೂ ನಾನೂ ಮಾತಾಡಿಕೊಂಡೆವು. ಮುಂದಿನ ಭಾನುವಾರ ಹೋದಾಗ ಗೋಣಿಚೀಲ ಹಾಸಿಕೊಂಡು, ಗಾಳಿ ಬರುವ ದಿಕ್ಕಿಗೆ ಮುಖಮಾಡಿ ಆಗಲೇ ಕೂತಿದ್ದರು.

ಗಾಳಿ ಮೊದಲು ಹೊಳೆಯಂಚಿನ ಬಿದಿರಿಗೆ ತಾಗುತ್ತದೆ, ಆಮೇಲೆ ತೆಂಗಿನ ಗರಿಗೆ, ಕೊನೆಗೆ ನಮ್ಮ ಕೆನ್ನೆಗೆ. ನನಗೆ ಎಲ್ಲವೂ ಒಂದೇ ಸದ್ದು. ಅವರಿಗೆ ಹಾಗಲ್ಲ. 'ತಡಿ, ಬಿದಿರು ದಾಟ್ತು. ಗರಿಗೆ ಬಂತು. ಇದು ಬೇಡ, ಹೋಗ್ಲಿ ಬಿಡು. ತಡಿ... ಹೂಂ, ಈಗ.' ಗಾಳಿ ಪೂರ್ತಿ ನಿಲ್ಲಲೆಂದು ಕಾಯುತ್ತ ಕೂತರೆ ಆಷಾಢದಲ್ಲಿ ಸಂಜೆಯಾದರೂ ಒಂದು ಗುಂಡು ಹಾರುವುದಿಲ್ಲ. ಪದೇ ಪದೇ ಬರುವ ಒಂದು ಬಗೆಯ ಬೀಸನ್ನು ಆರಿಸಿಕೊಂಡು, ಅದಕ್ಕೆ ತಕ್ಕಷ್ಟು ಬಲಕ್ಕೆ ಗುರಿ ಹಿಡಿದು, ಅದೇ ಬೀಸು ಬಂದಾಗ ಮಾತ್ರ ಕುದುರೆ ಒತ್ತಬೇಕು. ನಾನೊಬ್ಬನೇ ಹೊಡೆದರೆ ಹತ್ತು ಗುಂಡು ಊಟದ ತಟ್ಟೆಯಗಲ ಚೆದುರುತ್ತವೆ. ಅವರು ಹೇಳಿದಾಗ ಹೊಡೆದರೆ ಲೋಟದ ಬಾಯಗಲದಲ್ಲಿ ಕೂಡುತ್ತವೆ.

ಮೊನ್ನೆ ಕಾಗದ ಕಿತ್ತು ತಂದು ಅವರ ತೊಡೆಯ ಮೇಲೆ ಹರಡಿದೆ. ತೋರುಬೆರಳಿನಿಂದ ಮೆಲ್ಲಗೆ ಸವರಿದರು.

'ಒಂಬತ್ತೇ ಇದಾವಲ್ಲೋ?'

'ಹತ್ತು ಹೊಡೆದಿದ್ದೀನಿ, ಭಾವ.'

ಮತ್ತೆ ಮೊದಲಿಂದ ಸವರಿದರು. ಒಂದು ಕಡೆ ಬೆರಳು ನಿಂತಿತು. 'ಇದು ಸ್ವಲ್ಪ ಅಗಲ ಐತೆ. ಎರಡು ಇಲ್ಲೇ ತೂರವೆ' ಎಂದವರು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಇನ್ನೊಂದು ಹಾಕಿ ಬಾ ಎಂದರು.